ಎರಡನೆಯ ಪಂಕ್ತಿ

ವಿದ್ಯಾರ್ಥಿಯ ಬಾಳಿನಲ್ಲಿ ಆಟಕ್ಕೂ ಸ್ಥಾನವುಂಟೆಂಬುದನ್ನು ಈಗ ಯಾರೂ ಅಲ್ಲಗಳೆಯರು. ಆದರೆ ಹಿರಿಯ ಕಣದ ಬಾಗಿಲು ಮುಚ್ಚಿದ ಮೇಲೆ ಕಿರಿಯ ಕಣದಲ್ಲಿ ಆಡುವುದು ಮಾನವೋ ಅವಮಾನವೋ ಎಂಬ ಜಿಜ್ಞಾಸೆ ಅಮೆರಿಕದ ಕಾಲೇಜುಗಳನ್ನು ಕಾಡುತ್ತಿದೆ. ಬ್ಯಾಸ್ಕೆಟ್‌ಬಾಲ್ ಆಟದ ವಿಷಯವಾಗಿ ಕನ್ನಡ ಪಂಡಿತನೊಬ್ಬ ಲೇಖನಿ ಹಿಡಿದುದು ಕೆಲವರಿಗೆ ವಿಚಿತ್ರವೆನಿಸೀತು. ಈ ಪ್ರಶ್ನೆಯ ಮೂಲ ಶಿಕ್ಷಣದಲ್ಲಿರುವುದರಿಂದ ನನಗೂ ಇಲ್ಲಿ ಮಾತನಾಡುವ ಅಧಿಕಾರವುಂಟೆಂದು ಭಾವಿಸಿದ್ದೇನೆ.

ಈ ಆಟ ಹುಟ್ಟಿದ್ದೇ ಒಬ್ಬ ಶಿಕ್ಷಕನಿಂದ. 1891ರ ಚಳಿಗಾಲದಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮೋಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಗಾಗಿ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಇದನ್ನು ಕಲ್ಪಿಸಿದರು. ಮುಂದೆ ಇದು ಕಾಲೇಜುಗಳ ದೊಡ್ಡ ಹಬ್ಬವಾಯಿತು. ಋತುವಿನ ಕೊನೆಗೆ ಆಡುವ ಎನ್.ಐ.ಟಿ. ಪಂದ್ಯಾವಳಿ 1938ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಎನ್.ಸಿ.ಎ.ಎ. ಸಂಸ್ಥೆಯ ಪಂದ್ಯಾವಳಿ ಅದಕ್ಕಿಂತ ಒಂದು ವರ್ಷ ಕಿರಿದು. 1939ರಲ್ಲಿ ಎಂಟೇ ತಂಡಗಳೊಡನೆ ಮೊದಲಾಯಿತು. 1970ರಲ್ಲಿ ಮಾರ್ಕೆಟ್ ವಿಶ್ವವಿದ್ಯಾಲಯದ ತರಬೇತುದಾರ ಅಲ್ ಮೆಗ್ವೈರ್ ಎನ್.ಸಿ.ಎ.ಎ. ಆಹ್ವಾನವನ್ನೇ ನಿರಾಕರಿಸಿ ಎನ್.ಐ.ಟಿ.ಗೆ ಹೋಗಿ ಗೆದ್ದು ಬಂದರು. ತನ್ನ ಆಹ್ವಾನ ಪಡೆದವರು ಬೇರೆಡೆ ಆಡಕೂಡದೆಂದು ಎನ್.ಸಿ.ಎ.ಎ. ಆಮೇಲೆ ನಿಯಮ ಮಾಡಿತು. ಅದರ ಕಣವೂ ಹಿಗ್ಗುತ್ತ 1985ರಲ್ಲಿ 64 ತಂಡಗಳಿಗೆ, 2011ರಲ್ಲಿ 68ಕ್ಕೆ ಏರಿತು. 2005ರಲ್ಲಿ ಎನ್.ಐ.ಟಿ.ಯ ಒಡೆತನವೂ ಅದರ ಕೈಸೇರಿತು. ಅಣ್ಣ ತಮ್ಮನಾದುದು ಹೀಗೆ.

ಪ್ರಥಮ ದರ್ಜೆಯ ತಂಡಗಳು 350ಕ್ಕೂ ಹೆಚ್ಚು. ಹಿರಿಯ ಕಣದಲ್ಲಿ ಅವುಗಳಲ್ಲಿ ಬಹುಪಾಲಿಗೆ ಎಡೆಯಿಲ್ಲ. ಉಳಿದವರಲ್ಲಿ ಆಹ್ವಾನ ಬಂದವರು ಕಿರಿಯ ಪಂದ್ಯಾವಳಿಗೆ ಹೋಗಬೇಕೆ? 2024ರಲ್ಲಿ ಇಂಡಿಯಾನ, ಸೇಂಟ್ ಜಾನ್ಸ್, ಪಿಟ್ಸ್‌ಬರ್ಗ್, ಓಕ್ಲಹೋಮ ಮೊದಲಾದ ವಿದ್ಯಾಲಯಗಳು ಎನ್.ಐ.ಟಿ. ಬೇಡವೆಂದವು. ನಿರಾಕರಿಸುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಆಟಗಾರರು ದಣಿದಿರುತ್ತಾರೆ, ಗಾಯಗೊಂಡಿರುತ್ತಾರೆ; ಪಾಠಗಳು ಹಿಂದುಳಿಯುತ್ತವೆ. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗಲಿಚ್ಛಿಸುವವರು ಹೆಸರು ಕೊಡುವ ಅವಧಿ ಆ ವರ್ಷ ತಂಡಗಳ ಆಯ್ಕೆಯ ಮರುದಿನವೇ ತೆರೆಯಿತು. ಅರ್ಧ ತಂಡ ಮನಸ್ಸಿನಲ್ಲಿ ಊರು ಬಿಟ್ಟಿರುವಾಗ ಆಡುವುದಾದರೂ ಹೇಗೆಂದು ಕೇಳುತ್ತಾರೆ.

ಇವು ಒಪ್ಪತಕ್ಕ ಕಾರಣಗಳು. ಒಪ್ಪಲಾಗದ್ದು ಇನ್ನೊಂದು: 'ನಮ್ಮಂಥ ಮನೆತನದವರು ಅಂಥಲ್ಲಿ ಆಡುವುದಿಲ್ಲ' ಎಂಬ ಬಿಂಕ. ಇಂಡಿಯಾನ ವಿಶ್ವವಿದ್ಯಾಲಯ ಐದು ಬಾರಿ ರಾಷ್ಟ್ರಪ್ರಶಸ್ತಿ ಪಡೆದದ್ದು ನಿಜ. ಆದರೆ 1979ರಲ್ಲಿ ಅದೇ ವಿದ್ಯಾಲಯ ಎನ್.ಐ.ಟಿ.ಯಲ್ಲಿ ಗೆದ್ದಿತ್ತು; ಎರಡು ವರ್ಷಗಳ ಬಳಿಕ, 1981ರಲ್ಲಿ, ಹಿರಿಯ ಕಣವನ್ನೂ ಗೆದ್ದಿತು. ಕನೆಟಿಕಟ್ ವಿಶ್ವವಿದ್ಯಾಲಯ 1988ರಲ್ಲಿ ಎನ್.ಐ.ಟಿ. ಗೆದ್ದು, 1999ರಲ್ಲಿ ಮೊದಲ ರಾಷ್ಟ್ರಪ್ರಶಸ್ತಿ ಪಡೆಯಿತು. ಕಿರಿಯ ಕಣದ ಗೆಲುವೇ ಹಿರಿಯದಕ್ಕೆ ಕಾರಣವೆಂದು ನಾನು ಸಾಧಿಸಲಾರೆ. ಅಲ್ಲಿ ಆಡಿದ್ದರಿಂದ ಯಾರ ಕೀರ್ತಿಯೂ ಕುಂದಲಿಲ್ಲವೆಂಬಷ್ಟು ಮಾತ್ರ ಸಿದ್ಧ.

2024ರಲ್ಲಿ ಅದೇ ರಾಜ್ಯದ ಟೆರಿ ಹೋಟ್ ಪಟ್ಟಣದ ಇಂಡಿಯಾನ ಸ್ಟೇಟ್ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. 28 ಪಂದ್ಯ ಗೆದ್ದಿದ್ದರೂ ಹಿರಿಯ ಕಣಕ್ಕೆ ಆಯ್ಕೆಯಾಗದ ನೋವು ಆ ತಂಡಕ್ಕಿತ್ತು. ಮುನಿದು ಕೂರಲು ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಅವರು ಎನ್.ಐ.ಟಿ. ಆಡಿದರು. ತಮ್ಮ ಊರಿನ ಜನರೆದುರು ಮೂರು ಪಂದ್ಯ ಗೆದ್ದು, ಉಪಾಂತ್ಯವನ್ನೂ ದಾಟಿ, ಅಂತಿಮ ಪಂದ್ಯದಲ್ಲಿ ಸೀಟನ್ ಹಾಲ್ ತಂಡಕ್ಕೆ 79–77ರಿಂದ, ಕೇವಲ ಎರಡು ಅಂಕಗಳಿಂದ, ಮಣಿದರು. ಅನಂತರ ತರಬೇತುದಾರರು ಬೇರೆ ವಿದ್ಯಾಲಯಕ್ಕೆ ಹೋದರು, ತಂಡ ಚದುರಿತು. ಹಾಗಾದರೆ ಆಡಿದ್ದು ವ್ಯರ್ಥವೇ? ತಂಡ ಚದುರುವುದೇ ನಿಶ್ಚಯವಾಗಿದ್ದರೆ ಕೂಡಿ ಆಡಿದ ಆ ಐದು ಪಂದ್ಯಗಳ ಬೆಲೆ ಇನ್ನೂ ಹೆಚ್ಚೆಂದೇ ನನ್ನ ಭಾವನೆ. ಕೊನೆಯ ವರ್ಷದ ವಿದ್ಯಾರ್ಥಿಗೆ ಅದೇ ಕಟ್ಟಕಡೆಯ ಕಣ. ಆಡಳಿತದವರ ಪ್ರತಿಷ್ಠೆಗಾಗಿ ಅದನ್ನು ಅವನಿಂದ ಕಸಿಯುವ ಹಕ್ಕು ಯಾರಿಗೂ ಇಲ್ಲ. ಆಡುವುದೋ ಬಿಡುವುದೋ ಎಂಬುದನ್ನು ಆಡುವವರನ್ನೇ ಮೊದಲು ಕೇಳಬೇಕು.

ಹಣದ ವಿಷಯದಲ್ಲಿ ಮಾತ್ರ ನನ್ನ ಬೆಂಬಲಕ್ಕೆ ಒಂದು ಕಟ್ಟುಂಟು. 2008ರಲ್ಲಿ ಆರಂಭವಾದ ಸಿ.ಬಿ.ಐ. ಎಂಬ ಪಂದ್ಯಾವಳಿಯಲ್ಲಿ ಆಡಲು ಕಾಲೇಜುಗಳೇ ಶುಲ್ಕ ತೆರಬೇಕಾಗಿತ್ತು. ಇದಕ್ಕೆ ವಿರುದ್ಧವಾಗಿ, 2025ರಲ್ಲಿ ಲಾಸ್ ವೇಗಸ್‌ನಲ್ಲಿ ಮೊದಲಾದ ಕ್ರೌನ್ ಪಂದ್ಯಾವಳಿ ಗೆದ್ದ ನೆಬ್ರಾಸ್ಕ ತಂಡದ ಪಾಲಿಗೆ 3 ಲಕ್ಷ ಡಾಲರುಗಳನ್ನು ಇರಿಸಿತ್ತು. ಕೊಂಡು ಪಡೆಯುವ ಕಣವೂ ಹಣಕ್ಕಾಗಿಯೇ ಇಳಿಯುವ ಕಣವೂ ವಿದ್ಯಾಸಂಸ್ಥೆಗೆ ಭೂಷಣವಲ್ಲ. ದಾನಿಗಳು ವಿದ್ಯೆಗೆಂದು ಕೊಟ್ಟ ಹಣವನ್ನು ತೋರಿಕೆಗೆ ಸುರಿಯುವುದಂತೂ ದ್ರೋಹವೇ ಸರಿ.

ಕಾಯಕದಲ್ಲಿ ಮೇಲು ಕೀಳಿಲ್ಲವೆಂಬುದು ನಾವು ನಂಬಿ ನಡೆವ ತತ್ತ್ವ. ಮಠದ ದಾಸೋಹದಲ್ಲಿ ಮೊದಲ ಪಂಕ್ತಿಯಲ್ಲಿ ಎಡೆ ಸಿಗದವನು ಎರಡನೆಯ ಪಂಕ್ತಿಗೆ ಕಾದು ಕೂರುತ್ತಾನೆ. ಅವನ ಎಲೆಗೂ ಅದೇ ಪ್ರಸಾದ ಬೀಳುತ್ತದೆ. ಜಿಲ್ಲಾಮಟ್ಟದಲ್ಲಿ ಸೋತು ಬಂದ ನಮ್ಮ ಹುಡುಗರನ್ನು ನೆರೆಯೂರಿನ ಸಣ್ಣ ಪಂದ್ಯಕ್ಕೆ ಯಾರಾದರೂ ಕರೆದಾಗ, ಮುಖ್ಯೋಪಾಧ್ಯಾಯರೂ ಪೋಷಕರೂ ಇದನ್ನು ನೆನೆಯಲಿ. ಹುಡುಗರ ಮೈಯಲ್ಲಿ ಶಕ್ತಿ, ಮನದಲ್ಲಿ ಬಯಕೆ ಇದ್ದರೆ ಅವರನ್ನು ಕಳುಹಿಸಿಕೊಡಲಿ.