ಮಿಠಾಯಿ ಅಂಗಡಿಯ ಪತ್ರಿಕೆಗಳು



ಹೋದ ತಿಂಗಳ ಒಂದು ಭಾನುವಾರ ನಮ್ಮ ಸಂಘದ ವಾಚನಾಲಯದಲ್ಲಿ ಕಪಾಟಿನ ಧೂಳು ಹೊಡೆಯುತ್ತಿದ್ದೆ. ಕಾಲೇಜು ಓದುವ ಹುಡುಗಿಯೊಬ್ಬಳು ಬಂದು, "ಅಂಕಲ್, ನನಗೆ ಕನ್ನಡ ಓದೋಕೆ ಬರತ್ತೆ, ಆದ್ರೆ ತುಂಬಾ ನಿಧಾನ. ಒಂದು ಪುಟ ಮುಗಿಯೋದ್ರೊಳಗೆ ಬೇಜಾರಾಗಿಬಿಡತ್ತೆ. ಬೇಜಾರಾಗದೇ ಇರೋ ಪುಸ್ತಕ ಇದ್ಯಾ?" ಎಂದು ಕೇಳಿದಳು. ಮೇಲಿನ ಸಾಲಿನಲ್ಲಿ ಕಾರಂತರು, ಬೇಂದ್ರೆಯವರು, ಮಾಸ್ತಿಯವರು ಇದ್ದರು. ನಾನು ಬಗ್ಗಿ, ಕೆಳಗಿನ ಅರೆಯಿಂದ ಎನ್. ನರಸಿಂಹಯ್ಯನವರ ಒಂದು ಪತ್ತೇದಾರಿ ಕಾದಂಬರಿಯನ್ನು ತೆಗೆದುಕೊಟ್ಟೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕ ಇಳಿಸಿ, "ಏನ್ರೀ ಇದು, ಮಕ್ಕಳ ಕೈಗೆ ಇಂಥದ್ದೆಲ್ಲ ಕೊಡ್ತೀರಿ?" ಎಂದರು.

ಅವರಿಗೆ ಆ ಹೊತ್ತು ಉತ್ತರ ಹೇಳಲಿಲ್ಲ. ಹೇಳಬೇಕಾದದ್ದು ತುಸು ಉದ್ದವಿತ್ತು. ಅದನ್ನು ನಿಮಗೆ ಹೇಳುತ್ತೇನೆ, ಏಕೆಂದರೆ ಅದು ನಿಮ್ಮಂಥವರದೇ ಕಥೆ.

1923ರಲ್ಲಿ ರಷ್ಯಾದಿಂದ ಒಂದು ಯಹೂದಿ ಕುಟುಂಬ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ವಲಸೆ ಬಂತು. ಜೊತೆಯಲ್ಲಿ ಮೂರು ವರ್ಷದ ಹುಡುಗ. ಮನೆಮಾತು ಯಿಡ್ಡಿಷ್, ಬೀದಿಯ ಮಾತು ಇಂಗ್ಲಿಷ್. ಅಪ್ಪ ಅಮ್ಮನಿಗೆ ರಷ್ಯನ್ ಕೂಡ ಬರುತ್ತಿತ್ತು, ಆದರೆ ಮಗನಿಗೆ ಅದನ್ನು ಕಲಿಸಲಿಲ್ಲ. (ಈ ವಾಕ್ಯವನ್ನು ಓದಿದ ಕೆಲವು ತಂದೆತಾಯಂದಿರಿಗೆ ಕಸಿವಿಸಿಯಾದರೆ ನಾನು ಹೊಣೆಯಲ್ಲ.) ಅಪ್ಪ ಒಂದು ಮಿಠಾಯಿ ಅಂಗಡಿ ಇಟ್ಟ. ಅಲ್ಲಿ ಮಿಠಾಯಿ, ಸಿಗರೇಟುಗಳ ಜೊತೆಗೆ ಪತ್ರಿಕೆಗಳ ಒಂದು ಸ್ಟ್ಯಾಂಡೂ ಇತ್ತು. ಒರಟು ಕಾಗದ, ಕಣ್ಣು ಕುಕ್ಕುವ ಬಣ್ಣದ ಮುಖಪುಟ, ಒಳಗೆ ಕೊಲೆ, ದರೋಡೆ, ರಾಕೆಟ್ಟು. ಅಪ್ಪನ ಪ್ರಕಾರ ಅದೆಲ್ಲ ಕಸ, ಮಗ ಮುಟ್ಟಕೂಡದು.

1929ರಲ್ಲಿ ಆ ಸ್ಟ್ಯಾಂಡಿಗೆ 'ಸೈನ್ಸ್ ವಂಡರ್ ಸ್ಟೋರೀಸ್' ಎಂಬ ಹೊಸ ಪತ್ರಿಕೆ ಬಂತು. ಹುಡುಗ ಬುದ್ಧಿವಂತ. "ಅಪ್ಪಾ, ಇದರಲ್ಲಿ 'ಸೈನ್ಸ್' ಅಂತ ಇದೆ" ಎಂದು ವಾದಿಸಿದ. ಅಪ್ಪ ಒಪ್ಪಿದ, ಆದರೆ ಮಾರುವ ಮಾಲು ಹಾಳಾಗಬಾರದು. ಹಾಗಾಗಿ ಹುಡುಗ ಹಾಳೆ ಮಡಚದೆ, ಬೆರಳಿನ ಗುರುತು ಬೀಳದಂತೆ ಓದಿ, ಹೊಸದರಂತೆಯೇ ಮತ್ತೆ ಸ್ಟ್ಯಾಂಡಿನಲ್ಲಿ ಇಡುತ್ತಿದ್ದ. ಅವನೇ ಐಸಾಕ್ ಅಸಿಮೋವ್.

ಆ ಪತ್ರಿಕೆಯನ್ನು ಹೊರತಂದ ಹ್ಯೂಗೋ ಗರ್ನ್ಸ್‌ಬ್ಯಾಕ್ ಕೂಡ ವಲಸೆಗಾರನೇ, ಲಕ್ಸೆಂಬರ್ಗಿನಿಂದ ಬಂದವನು. 1926ರ ಏಪ್ರಿಲ್‌ನಲ್ಲಿ ಇಪ್ಪತ್ತೈದು ಸೆಂಟಿನ 'ಅಮೇಜಿಂಗ್ ಸ್ಟೋರೀಸ್' ಆರಂಭಿಸಿ, ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಪತ್ರಿಕೆಯೊಂದು ಬದುಕಬಲ್ಲದೆಂದು ತೋರಿಸಿದ. ಆತ ಪ್ರಕಟಿಸಿದ ಕಥೆಗಳೆಲ್ಲ ಚೆನ್ನಾಗಿದ್ದವೆಂದು ನಾನು ಹೇಳಲಾರೆ. ಎಷ್ಟೋ ಕಥೆಗಳಲ್ಲಿ ಪಾತ್ರಗಳು ಪಾಠ ಒಪ್ಪಿಸುವ ಮೇಷ್ಟರಂತೆ ಮಾತಾಡುತ್ತವೆ. ಆದರೆ ಆತ ಒಂದು ಜಾಣ ಕೆಲಸ ಮಾಡಿದ. ಓದುಗರ ಪತ್ರಗಳನ್ನು ಅವರವರ ವಿಳಾಸ ಸಮೇತ ಅಚ್ಚು ಹಾಕಿದ. ಊರೂರಿನಲ್ಲಿ ಒಂಟಿಯಾಗಿ ಓದುತ್ತಿದ್ದ ಹುಡುಗರು ಪರಸ್ಪರ ಪತ್ರ ಬರೆದರು, ಭೇಟಿಯಾದರು, ಸಂಘ ಕಟ್ಟಿದರು. ಆ ಸಂಘಗಳಿಂದಲೇ ಮುಂದಿನ ಲೇಖಕರೂ ಸಂಪಾದಕರೂ ಹೊರಬಂದರು.

ಅಸಿಮೋವ್ ಕೂಡ ಇಂಥ ಪತ್ರಿಕೆಗಳಿಗೆ ಮೊದಲು ಬರೆದದ್ದು ಕಥೆಯಲ್ಲ, ಸಂಪಾದಕರಿಗೆ ಪತ್ರ. 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಅವು ಅಚ್ಚಾದವು. 1938ರ ಜೂನ್‌ನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಒಂದು ಕಥೆ ಬರೆದು ಮುಗಿಸಿದ. ಅಂಚೆಯಲ್ಲಿ ಕಳಿಸುವುದೋ, ಕೊಟ್ಟು ಬರುವುದೋ ಎಂಬ ಗೊಂದಲ. ಖುದ್ದಾಗಿ ಹೋಗಿ ಸಂಪಾದಕರನ್ನು ಕಾಣು ಎಂದದ್ದು ಯಾರು ಗೊತ್ತೆ? ಹಿಂದೆ ಇದೆಲ್ಲ ಕಸ ಎಂದಿದ್ದ ಅದೇ ಅಪ್ಪ! ಹುಡುಗ ಸಬ್‌ವೇ ರೈಲು ಹತ್ತಿ ಹೋದ. ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಗಂಟೆಗೂ ಹೆಚ್ಚು ಹೊತ್ತು ಕೂರಿಸಿಕೊಂಡು ಮಾತಾಡಿದ. ಕಥೆ ಎರಡೇ ದಿನದಲ್ಲಿ ತಿರಸ್ಕೃತವಾಗಿ ವಾಪಸು ಬಂತು, ಆದರೆ ಏಕೆ ಬೇಡವೆಂದು ವಿವರಿಸುವ ಪತ್ರದ ಜೊತೆಗೆ. ಹುಡುಗ ಮತ್ತೆ ಬರೆದ, ಮತ್ತೆ ಹೋದ. ಅವನ ಮೊದಲ ಕಥೆ ಅಚ್ಚಾದದ್ದು 1939ರ ಮಾರ್ಚ್ ಸಂಚಿಕೆಯಲ್ಲಿ, ಅದೂ 'ಅಮೇಜಿಂಗ್'ನಲ್ಲಿ.

1941ರಲ್ಲಿ ಅದೇ ಕ್ಯಾಂಪ್‌ಬೆಲ್, ಸಾವಿರ ವರ್ಷಕ್ಕೊಂದೇ ರಾತ್ರಿ ನಕ್ಷತ್ರಗಳು ಕಾಣಿಸಿಕೊಂಡರೆ ಜನ ಏನಾದಾರು ಎಂದು ಕೇಳಿ, ಕಥೆ ಬರೆದು ತಾ ಎಂದು ಕಳಿಸಿದ. ಹಾಗೆ ಹುಟ್ಟಿದ್ದು 'ನೈಟ್‌ಫಾಲ್'. ಆರು ಸೂರ್ಯರಿರುವ, ಕತ್ತಲೆಯನ್ನೇ ಅರಿಯದ ಲೋಕದ ಕಥೆ. ಅಮೆರಿಕದ ವಿಜ್ಞಾನ ಕಥೆಗಾರರೇ ಮತ ಹಾಕಿ ಆರಿಸಿದ ಹಳೆಯ ಕಥೆಗಳನ್ನು 1970ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ 'ಸೈನ್ಸ್ ಫಿಕ್ಷನ್ ಹಾಲ್ ಆಫ್ ಫೇಮ್' ಎಂಬ ಸಂಕಲನದಲ್ಲಿ ತಂದಾಗ ಅದರಲ್ಲಿ ಇದೂ ಇತ್ತು. ಕಾಲೇಜಿನ ದಿನಗಳಲ್ಲಿ ಮುಂಬಯಿಯ ಫೌಂಟನ್ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಆ ಪುಸ್ತಕ ಕೊಂಡು, ಲೋಕಲ್‌ನಲ್ಲಿ ನಿಂತೇ ಓದುತ್ತ ನನ್ನ ಸ್ಟೇಷನ್ ದಾಟಿ ಹೋಗಿದ್ದೆ. ಮಿತ್ರರೆ, ಒಂದೇ ಒಂದು ಸಂಕಲನ ಓದುವುದಾದರೆ ಅದನ್ನು ಓದಿ. ಕ್ಯಾಂಪ್‌ಬೆಲ್ ಒಳ್ಳೆಯ ಮೇಷ್ಟರಾದರೂ ಆತನ ಜನಾಂಗೀಯ ಅಭಿಪ್ರಾಯಗಳು ಕೆಟ್ಟವೇ. ಆತನ ಹೆಸರಿನಲ್ಲಿದ್ದ ಪ್ರಶಸ್ತಿಯ ಹೆಸರನ್ನು 2019ರಲ್ಲಿ ಬದಲಾಯಿಸಿದ್ದು ಸರಿಯೆಂದೇ ನನ್ನ ಮತ.

ಪತ್ತೇದಾರಿಯ ಕಡೆಗೂ ಇಂಥದೇ ಕಥೆಯಿದೆ. 'ಎಲರಿ ಕ್ವೀನ್' ಎಂಬ ಹೆಸರಿನ ಹಿಂದೆ ಇದ್ದವರು ಬ್ರೂಕ್ಲಿನ್ನಿನಲ್ಲೇ ಹುಟ್ಟಿದ ಇಬ್ಬರು ಯಹೂದಿ ಸೋದರಸಂಬಂಧಿಗಳು, ಫ್ರೆಡರಿಕ್ ಡ್ಯಾನೆ ಮತ್ತು ಮ್ಯಾನ್‌ಫ್ರೆಡ್ ಲೀ. 1941ರಲ್ಲಿ 'ಎಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಜೀನ್' ಆರಂಭವಾಯಿತು. ಅದರಲ್ಲಿ ಹೊಸಬರ ಮೊಟ್ಟಮೊದಲ ಕಥೆಗೆಂದೇ ಒಂದು ವಿಭಾಗ ಮೀಸಲು. ಇನ್ನೊಂದು ಮಾತು ಕೇಳಿದರೆ ನಮ್ಮ ಆ ಹಿರಿಯರೂ ಬೆಚ್ಚಿಯಾರು: ಬೋರ್ಹೆಸ್‌ನಂಥ ಘನ ಲೇಖಕನ ಕಥೆ ಇಂಗ್ಲಿಷಿಗೆ ಮೊದಲು ಬಂದದ್ದು ಈ ಕೊಲೆ ಕಥೆಗಳ ಪತ್ರಿಕೆಯ ಮೂಲಕವೇ, 1948ರಲ್ಲಿ.

ಇವು ಈಗಲೂ ಇವೆಯೆ? ಇವೆ, ಆದರೆ ಸೊರಗಿವೆ. 'ಎಲರಿ ಕ್ವೀನ್', 'ಹಿಚ್‌ಕಾಕ್', 'ಅಸಿಮೋವ್', ಅಸ್ಟೌಂಡಿಂಗ್‌ನ ಇಂದಿನ ರೂಪವಾದ 'ಅನಲಾಗ್', ಈ ನಾಲ್ಕೂ 2025ರ ಆರಂಭದಲ್ಲಿ ಹೊಸ ಮಾಲೀಕರ ಕೈ ಸೇರಿದವು. ಹೊಸ ಪೀಳಿಗೆಯ 'ಕ್ಲಾರ್ಕ್ಸ್‌ವರ್ಲ್ಡ್' 2006ರಿಂದ ಇಂಟರ್ನೆಟ್ಟಿನಲ್ಲೇ ಉಚಿತವಾಗಿ ಓದಲು ಸಿಗುತ್ತಿದೆ. ಯಂತ್ರದಿಂದ ಬರೆಸಿದ ಕಥೆಗಳು ಪ್ರವಾಹದಂತೆ ನುಗ್ಗಿ, 2023ರ ಫೆಬ್ರವರಿಯಲ್ಲಿ ಅದರ ಸಂಪಾದಕ ಕೆಲಕಾಲ ಬಾಗಿಲನ್ನೇ ಮುಚ್ಚಬೇಕಾಯಿತು. ವೈಜ್ಞಾನಿಕ ಕಥೆಗಳ ಪತ್ರಿಕೆಗೇ ಈ ಗತಿ!

ನಮ್ಮ ಮುಂಬಯಿಗೆ ಬರೋಣ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ ಎಂಬವರ 'ಕೃಷ್ಣವಿವರ' ಬಂದು ಬಹುಮಾನ ಗೆದ್ದಿತು. ಅಂಥ ಹೆಸರಿನವರು ಯಾರೂ ಇರಲಿಲ್ಲ. ನಾ-ವಿ-ಜ ಎಂಬುದನ್ನು ತಿರುಗಿಸಿ ಓದಿ: ಜಯಂತ ವಿಷ್ಣು ನಾರಳೀಕರ! ಆಗ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿದ್ದ ಹೆಸರಾಂತ ಖಗೋಳ ವಿಜ್ಞಾನಿ, ತನ್ನ ಹೆಸರು ನೋಡಿ ಬಹುಮಾನ ಕೊಡಬಾರದೆಂದು ವೇಷ ಮರೆಸಿಕೊಂಡಿದ್ದರು. 2025ರಲ್ಲಿ ಅವರು ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಈ ಪ್ರಸಂಗ. ಇಂಗ್ಲಿಷಿನಲ್ಲಿ ಬರೆಯಬಲ್ಲವರು ಕಥೆಗೆ ಮನೆಮಾತನ್ನೇ ಹಿಡಿದರು.

ಭಾರತೀಯ ಭಾಷೆಗಳ ಇಂಥ ಕಥೆಗಳನ್ನು ಬಾಳ ಫೋಂಡಕೆಯವರು 1993ರಲ್ಲಿ 'ಇಟ್ ಹ್ಯಾಪನ್ಡ್ ಟುಮಾರೊ' ಎಂಬ ಇಂಗ್ಲಿಷ್ ಸಂಕಲನದಲ್ಲಿ ಒಟ್ಟುಗೂಡಿಸಿದರು. ನ್ಯಾಷನಲ್ ಬುಕ್ ಟ್ರಸ್ಟಿನ ಪ್ರಕಟಣೆ. ಅದರಲ್ಲಿ ನಮ್ಮ ರಾಜಶೇಖರ ಭೂಸನೂರಮಠರ ಕಥೆಯೂ ಇದೆ. ಚೆನ್ನೈಯಲ್ಲಿರುವವರು ಬ್ಲಾಫ್ಟ್ ಪ್ರಕಾಶನ 2008ರಲ್ಲಿ ತಂದ ತಮಿಳು ಪತ್ತೇದಾರಿ, ಪ್ರೇತ, ಪ್ರಣಯ ಕಥೆಗಳ ಇಂಗ್ಲಿಷ್ ಸಂಕಲನವನ್ನು ನೋಡಿ. ಪೆಟ್ಟಿಗೆ ಅಂಗಡಿಯಲ್ಲಿ ನೇತುಹಾಕಿ ಮಾರುತ್ತಿದ್ದ ಕಥೆಗಳಿಗೆ ಅದು ಎಂಥ ಮರ್ಯಾದೆ ತಂದಿತು! ನೂರಾರು ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ ನರಸಿಂಹಯ್ಯನವರನ್ನು ನಾವೂ ಹಾಗೆ ಜೋಪಾನ ಮಾಡಬಾರದೇಕೆ ಎಂದು ಅಸೂಯೆಯಾಯಿತು. ನನಗೆ ಕನ್ನಡ ಸರಾಗವಾಗಿ ಓದಲು ಬಂದದ್ದು ಅವರ ಪುಸ್ತಕಗಳಿಂದಲೇ, ಪಠ್ಯಪುಸ್ತಕದಿಂದಲ್ಲ.

ಇನ್ನು ಆ ಹುಡುಗಿಯ ವಿಷಯ. ಎರಡು ವಾರ ಬಿಟ್ಟು ಬಂದಳು, ಸಿಟ್ಟಿನಲ್ಲಿ. "ಅಂಕಲ್, ಕೊನೇ ಪುಟಗಳೇ ಇಲ್ಲ! ಕೊಲೆ ಮಾಡಿದ್ದು ಯಾರು?" ನನಗೂ ನೆನಪಿಲ್ಲ, ಓದಿ ನಲವತ್ತು ವರ್ಷವಾಯಿತು. "ನೀನೇ ಬರಿ" ಎಂದುಬಿಟ್ಟೆ, ತಪ್ಪಿಸಿಕೊಳ್ಳಲು. ಮೊನ್ನೆ ಮೂರು ಪುಟ ತಂದುಕೊಟ್ಟಿದ್ದಾಳೆ. ದೀರ್ಘ ಯಾವುದು, ಹ್ರಸ್ವ ಯಾವುದು ಎಂಬ ಗೊಡವೆಯಿಲ್ಲ. ಪೊಲೀಸರು ಮನೆಯೆಲ್ಲ "ಶೋಧ ತಗೊಂಡರು" ಎಂದು ಮರಾಠಿಯನ್ನೇ ಕನ್ನಡ ಮಾಡಿದ್ದಾಳೆ. ಆದರೆ ಕೊಲೆಗಾರ ಯಾರೆಂದು ನಾನು ಊಹಿಸಲಾಗಲಿಲ್ಲ. ಒಂದಕ್ಷರವನ್ನೂ ತಿದ್ದದೆ ಸಂಪಾದಕರ ಕೈಗೆ ಕೊಟ್ಟಿದ್ದೇನೆ. ಹಾಕುತ್ತೇನೆ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.