ಥೆರಪಿ ಬೇಡವೆನ್ನುವವರಿಗೆ ಪುಣೆಯಿಂದ ಒಂದು ಉತ್ತರ

ಮಗುವಿಗೆ ಮೂರು ತುಂಬುತ್ತ ಬಂತು, ಇನ್ನೂ ಮಾತಿಲ್ಲ ಎಂದು ಪುಣೆಯ ಕನ್ನಡ ಕುಟುಂಬವೊಂದು ಆತಂಕ ತೋಡಿಕೊಂಡರೆ ಬಂಧುಬಳಗದಿಂದ ಬರುವ ಸಲಹೆಗಳು ಹೆಚ್ಚು ಕಡಿಮೆ ಇವೇ: ತಡೆಯಿರಿ, ತಾನಾಗಿ ಬರುತ್ತದೆ. ಥೆರಪಿಯೆಂಬುದು ದುಡ್ಡು ಕೀಳುವ ದಂಧೆ. ಮಗು ಇದ್ದ ಹಾಗೆ ಇರಲಿ, ಯಾಕೆ ಹಿಂಸೆ? ಇನ್ನು ಕೆಲವರು, ಬಲ್ಲವರೇ, ಮೊದಲು ಮನೆಯಲ್ಲಿ ಕನ್ನಡ ನಿಲ್ಲಿಸಿ ಎನ್ನುತ್ತಾರೆ. ಹೇಳುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ನಾಲ್ಕೂ ಮಾತು ತಪ್ಪು, ಮತ್ತು ಆ ತಪ್ಪಿನ ದಂಡ ತೆರುವುದು ಮಗು.

‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬುದು ಮೊದಲ ವಾದ. ಬಜೆ ತೇಯ್ದು ನಾಲಗೆಗೆ ಸವರುವುದು, ದೇವರಿಗೆ ಹರಕೆ ಹೊರುವುದು ಇದರ ಜೊತೆಗೇ ಬರುತ್ತವೆ. ತಡವಾಗಿ ಮಾತು ಕಲಿತು ಎಲ್ಲರಂತೆ ಬೆಳೆದ ಮಕ್ಕಳಿದ್ದಾರೆ, ನಿಜ. ಆದರೆ ಯಾವ ಮಗು ತಾನಾಗಿ ಕಲಿಯುತ್ತದೆ, ಯಾವುದು ಕಲಿಯುವುದಿಲ್ಲ ಎಂದು ಮೊದಲೇ ಹೇಳಬಲ್ಲವರು ಯಾರು? ಅಗತ್ಯವಿಲ್ಲದ ಮಗುವನ್ನು ತೋರಿಸಿಕೊಂಡು ಬಂದರೆ ಹೋಗುವುದು ಒಂದೆರಡು ಮಧ್ಯಾಹ್ನ. ಅಗತ್ಯವಿದ್ದ ಮಗುವನ್ನು ತೋರಿಸದೆ ಕೂತರೆ ಹೋಗುವುದು ಮಿದುಳು ಅತಿ ಬೇಗ ಕಲಿಯುವ ವರ್ಷಗಳು. ಹರಕೆ ಹೊತ್ತರೆ ಹೊರಲಿ, ಜೊತೆಗೆ ಮಗುವಿನ ಕಿವಿಯ ಪರೀಕ್ಷೆಯೂ ಆಗಲಿ. ಕೇಳಿಸದ ಮಗುವನ್ನು ‘ಹಟಮಾರಿ’ ಎಂದು ಬೈದು ವರ್ಷ ಕಳೆಯುವ ಮನೆಗಳು ಇಂದಿಗೂ ಇವೆ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದ, ಬೇಕಾದುದರತ್ತ ಬೆರಳು ಮಾಡದ, ಎರಡು ವರ್ಷಕ್ಕೆ ಎರಡು ಪದ ಜೋಡಿಸದ ಮಗುವನ್ನು ಕಾಯಿಸಬಾರದು. ಬೆಳವಣಿಗೆಯ ತೊಂದರೆ ಅಪರೂಪದ ಸಂಗತಿಯೂ ಅಲ್ಲ. ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳ ಪೈಕಿ ನೂರಕ್ಕೆ 13ಕ್ಕೂ ಹೆಚ್ಚು ಮಂದಿಯಲ್ಲಿ ಶ್ರವಣದೋಷ, ಅಪಸ್ಮಾರ, ಆಟಿಸಂನಂಥ ಒಂದಾದರೂ ತೊಂದರೆ ಕಂಡುಬಂತು.

ದಂಧೆ ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ. ಬಣ್ಣದ ಬೋರ್ಡು ಹಾಕಿ, ತರಬೇತಿಯಿಲ್ಲದವರನ್ನು ಕೂರಿಸಿ ಶುಲ್ಕ ವಸೂಲಿ ಮಾಡುವವರು ಎಲ್ಲ ದೊಡ್ಡ ಊರುಗಳಲ್ಲೂ ಇದ್ದಾರೆ. ಆಟಿಸಂಗೆ ‘ಸ್ಟೆಮ್ ಸೆಲ್’ ಚುಚ್ಚುವವರ ಮಾತಂತೂ ಕೇಳಲೇಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅದನ್ನು ಚಿಕಿತ್ಸೆಯೆಂದು ಒಪ್ಪಿಲ್ಲ. ಆದರೆ ನಕಲಿ ವೈದ್ಯರಿದ್ದಾರೆಂದು ಯಾರೂ ಜ್ವರಕ್ಕೆ ಔಷಧ ಬಿಡುವುದಿಲ್ಲ, ಅಸಲಿ ವೈದ್ಯರನ್ನು ಹುಡುಕುತ್ತಾರೆ. ಸ್ಪೀಚ್ ಥೆರಪಿಸ್ಟ್ ಮತ್ತು ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಿ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಯವರಿಗೆ ಮಹಾರಾಷ್ಟ್ರದಲ್ಲಿ ಪ್ರತ್ಯೇಕ ಮಂಡಳಿಯೇ ಇದೆ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಮೂರು ತಿಂಗಳಲ್ಲಿ ನನ್ನ ಮಗು ಏನು ಕಲಿಯಬೇಕೆಂದು ಗುರಿ ಇಟ್ಟಿದ್ದೀರಿ? ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈಕಾಲು ಎಳೆದು ನೀವಿ ಕಳಿಸಿದರೆ ಸಾಲದು. ಮಗು ತಾನೇ ಕೈಚಾಚಿ ಲೋಟ ಹಿಡಿಯುವ ಅಭ್ಯಾಸ ನಡೆಯುತ್ತಿರಬೇಕು. ಗುರಿಯ ಪ್ರಶ್ನೆಗೆ ಉತ್ತರ ಕೊಡಲಾಗದ ಕೇಂದ್ರವನ್ನು ಬಿಟ್ಟು ಬನ್ನಿ.

ಹಣದ ಕಷ್ಟ ದೊಡ್ಡದು, ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೂ ಪುಣೆಯಲ್ಲಿ ದಾರಿಗಳಿವೆ. ಸಿಂಧುತಾಯಿ ಜೋಶಿಯವರು 1964ರಲ್ಲಿ ಕಟ್ಟಿದ ವಿಶೇಷ ಶಾಲೆ ‘ಕಾಮಾಯನಿ’ ಇದೆ. ರಾಸ್ತಾ ಪೇಠೆಯ ಕೆ.ಇ.ಎಂ. ಆಸ್ಪತ್ರೆಗೆ ಸೇರಿದ ಮಕ್ಕಳ ಬೆಳವಣಿಗೆ ಕೇಂದ್ರ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಉಚಿತ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಕೊಡುತ್ತದೆ; ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

‘ಇದ್ದ ಹಾಗೆ ಇರಲಿ’ ಎನ್ನುವವರ ಮೇಲೆ ನನಗೆ ಗೌರವವಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಮಗುವಿನ ಗದ್ದ ಹಿಡಿದೆತ್ತುವ, ಖುಷಿಗೆ ಕೈ ಬೀಸಿದರೆ ಗದರುವ ಥೆರಪಿಯನ್ನು ನಾನೂ ವಿರೋಧಿಸುತ್ತೇನೆ. ಆದರೆ ಹೊಟ್ಟೆನೋವು ಎಂದು ತೋರಿಸಲು ಬಾರದೆ ರಾತ್ರಿಯಿಡೀ ತಲೆ ಚಚ್ಚಿಕೊಳ್ಳುವ ಮಗುವನ್ನು ಇದ್ದ ಹಾಗೆ ಬಿಡುವುದು ಯಾವ ಗೌರವ? ನೀರು ಬೇಕು, ಸಾಕು, ಬೇಡ, ಇಲ್ಲಿ ನೋಯುತ್ತಿದೆ ಎಂದು ಮಾತಿನಲ್ಲೋ ಚಿತ್ರ ತೋರಿಸಿಯೋ ಹೇಳಲು ಕಲಿಸುವುದೇ ಥೆರಪಿಯ ಮೊದಲ ಕೆಲಸ. ಕಲಿಯುವ ಅವಕಾಶ ಸಿಕ್ಕ ಮಗು ದೂರ ಹೋಗಬಲ್ಲದು: ಪುಣೆಯ ಈಜುಗಾರ್ತಿ ಗೌರಿ ಗಾಡ್ಗೀಳ್ ಅವರಿಗೆ ಡೌನ್ ಸಿಂಡ್ರೋಮ್ ಇದೆ. ಅವರ ಬದುಕನ್ನು ಆಧರಿಸಿ 2014ರಲ್ಲಿ ‘ಯೆಲ್ಲೋ’ ಎಂಬ ಮರಾಠಿ ಚಿತ್ರ ಬಂತು. ಎಲ್ಲ ಮಕ್ಕಳೂ ಪದಕ ಗೆಲ್ಲಲಿ ಎಂದು ನಾನು ಕೇಳುತ್ತಿಲ್ಲ. ಅಂಗಿಯ ಗುಂಡಿ ತಾನೇ ಹಾಕಿಕೊಂಡರೂ ಅದು ಆ ಮಗುವಿನ ಸ್ವಾತಂತ್ರ್ಯವೇ.

ಇನ್ನು ಕನ್ನಡದ ಮಾತು. ನನ್ನನ್ನು ಹೆಚ್ಚು ನೋಯಿಸುವುದು ಇದೇ. ಹೊರಗೆ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಇಷ್ಟು ಭಾಷೆಗಳಲ್ಲಿ ಮಗು ಗೊಂದಲಗೊಳ್ಳುತ್ತದೆ, ಆದ್ದರಿಂದ ಕನ್ನಡ ಬಿಡಿ ಎನ್ನುತ್ತಾರೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಹೆಚ್ಚುವುದೂ ಇಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗ್ಗೆ ಕೆನಡಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಯ ಮಕ್ಕಳು ಇಂಗ್ಲಿಷಿನಲ್ಲಿ ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಕನ್ನಡ ಬಿಡಿಸಿದಾಗ ನಿಜವಾಗಿ ಏನಾಗುತ್ತದೆಂದು ನೋಡಿ. ವಿಜಯಪುರದಿಂದ ಬಂದ ಅಜ್ಜಿ, ‘ಬಾ ಕಂದಾ, ಉಣ್ಣೋಣು ಬಾ’ ಎನ್ನುತ್ತಿದ್ದವರು, ಹರುಕುಮುರುಕು ಹಿಂದಿಯಲ್ಲಿ ‘ಆವೋ, ಖಾವೋ’ ಎಂದು ನಿಲ್ಲಿಸುತ್ತಾರೆ. ಹಾಡಿಲ್ಲ, ಕತೆಯಿಲ್ಲ, ಮುದ್ದಿಲ್ಲ. ಮಾತಿಗಾಗಿ ಹಸಿದ ಮಗುವಿನ ಸುತ್ತ ಮಾತೇ ಕಡಿಮೆಯಾಗುತ್ತದೆ.

ವಾರಕ್ಕೆ 45 ನಿಮಿಷದ ಎರಡು ಥೆರಪಿ ಸೆಷನ್ನು ಎಂದರೆ ಒಂದೂವರೆ ಗಂಟೆ. ಮಗು ಎಚ್ಚರವಿರುವುದು ವಾರಕ್ಕೆ ಎಂಬತ್ತು ಗಂಟೆಗೂ ಹೆಚ್ಚು. ಸ್ನಾನ, ಊಟ, ಚಪ್ಪಲಿ ಹಾಕುವುದು, ಮೆಟ್ಟಿಲು ಇಳಿಯುವುದು, ಇವೆಲ್ಲ ಕಲಿಕೆಯ ಹೊತ್ತು, ಮತ್ತು ಆ ಹೊತ್ತಿನ ಭಾಷೆ ಮನೆಯ ಭಾಷೆ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ವರದಿಯಾದ ಪ್ರಯೋಗದಲ್ಲಿ ತಂದೆತಾಯಿಗೆ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಕಾರ್ಯಕರ್ತರು. ಮಗುವಿಗೆ ಸ್ಪಂದಿಸುವ ರೀತಿಯನ್ನು ಹೆತ್ತವರು ಕಲಿತಂತೆ ಮಕ್ಕಳು ತಾವಾಗಿಯೇ ಅವರತ್ತ ತಿರುಗಿ ಸಂವಹನ ಆರಂಭಿಸುವುದು ಹೆಚ್ಚಿತು. ನಮ್ಮ ಅಜ್ಜಿಯರೂ ಇದನ್ನು ಕಲಿಯಬಲ್ಲರು, ಕನ್ನಡದಲ್ಲಿ. ಕನ್ನಡ ಬಲ್ಲ ಥೆರಪಿಸ್ಟ್ ಪುಣೆಯಲ್ಲಿ ಸಿಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ವಿಚಾರಿಸಿ.

ಪುಣೆಯ ಕನ್ನಡ ಸಂಘಕ್ಕೂ ಒಂದು ವಿನಂತಿ. ನೀವು ಶಾಲೆ, ಕಾಲೇಜು ಕಟ್ಟಿ ನಡೆಸುತ್ತಿರುವವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆರಕ್ಕಿಂತ ಚಿಕ್ಕ ಮಕ್ಕಳಿಗಾಗಿ ನಾವು ಏನಾದರೂ ಮಾಡೋಣ. ತಿಂಗಳಿಗೊಂದು ಭಾನುವಾರ ಒಂದು ಕೋಣೆ ಕೊಡಿ. ಕನ್ನಡ ಬಲ್ಲ ಒಬ್ಬ ತಜ್ಞರು ತಂದೆತಾಯಿ, ಅಜ್ಜ ಅಜ್ಜಿಯರ ಜೊತೆ ಕೂತು ಮಾತಾಡಲಿ. ಮನೆಯಲ್ಲಿ ಮಾತು ತಡವಾದ ಮಗುವಿರುವವರು ಅಷ್ಟರವರೆಗೆ ಕಾಯಬೇಡಿ; ಈ ವಾರವೇ ಕಿವಿಯ ಪರೀಕ್ಷೆಗೆ ಹೆಸರು ಬರೆಸಿ.