ಗೋಲಕ ಚಂದ್ರನಿಗೆ ಸಂದ ಐವತ್ತು ರೂಪಾಯಿ

ಕೋಲ್ಕತ್ತಾದ ಬಿಬಿಡಿ ಬಾಗ್‌ನಲ್ಲಿ ಲಾಲ್ ದಿಘಿಯ ನೀರನ್ನೂ ಅದರಾಚೆಯ ರೈಟರ್ಸ್ ಬಿಲ್ಡಿಂಗಿನ ಕೆಂಪನ್ನೂ ನೋಡಿ ಮುಗಿಸಿದ ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿಂದ ಹಿಂದಿರುಗುತ್ತಾರೆ. ದಕ್ಷಿಣಕ್ಕೆ ಸ್ವಲ್ಪ ನಡೆದು ಮೊದಲು ರಾಜಭವನವೆನಿಸಿದ್ದ ಲೋಕಭವನವನ್ನು ದಾಟಿದರೆ ದಪ್ಪ ಕಂಬಗಳ ಟೌನ್ ಹಾಲ್ ಸಿಗುತ್ತದೆ. ನನಗೆ ಆ ಚೌಕಕ್ಕಿಂತಲೂ ಈ ಕಟ್ಟಡವೇ ಮುಖ್ಯವೆನಿಸಲು ಕಾರಣ, 1828ರ ಜನವರಿಯಲ್ಲಿ ಇಲ್ಲಿ ನಡೆದ ಒಂದು ತರಕಾರಿ ಪ್ರದರ್ಶನ.

ವಿಲಿಯಂ ಕೇರಿ 1820ರಲ್ಲಿ ಸ್ಥಾಪಿಸಿದ ಕೃಷಿ ಮತ್ತು ತೋಟಗಾರಿಕೆ ಸಂಘದ ಪ್ರದರ್ಶನವದು. ಒಳ್ಳೆಯ ಕಾಯಿಪಲ್ಲೆ ಬೆಳೆದ ಮಾಲಿಗಳಿಗೆ ಬಹುಮಾನ ಹಂಚುವ ಆ ಸಭೆಗೆ ಟೀಟಾಗಢದ ಕಮ್ಮಾರ ಗೋಲಕ ಚಂದ್ರ ತಾನು ಮಾಡಿದ ಉಗಿಯಂತ್ರವನ್ನು ಹೊತ್ತು ತಂದ. ಯಾವ ಯುರೋಪಿಯನ್ ಕುಶಲಕರ್ಮಿಯ ನೆರವೂ ಇಲ್ಲದೆ ಅದನ್ನು ಕಟ್ಟಿದನೆಂದು ಸಂಘದ ವರದಿ ಒಪ್ಪಿಕೊಂಡಿತು. ಯಂತ್ರ ತಮ್ಮ ವ್ಯಾಪ್ತಿಗೆ ಸೇರಿದ್ದಲ್ಲ ಎಂದೂ ಹೇಳಿತು. ದೇಶೀಯರ ಜಾಣ್ಮೆಗೂ ಅನುಕರಣೆಯ ಕೌಶಲಕ್ಕೂ ಇದೊಂದು ಗಮನಾರ್ಹ ನಿದರ್ಶನವೆಂದು ಬಗೆದು ಐವತ್ತು ರೂಪಾಯಿ ಕೊಟ್ಟು ಕಳುಹಿಸಿತು.

ಅನುಕರಣೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಟೀಟಾಗಢದೆದುರು ಹೂಗ್ಲಿಯ ಆಚೆ ದಡದಲ್ಲಿ ಸಿರಾಂಪುರವಿದೆ. ಅಲ್ಲಿನ ಮಿಷನ್ನಿನ ಕಾಗದದ ಗಿರಣಿಯಲ್ಲಿ ನಲವತ್ತು ಮಂದಿ ಸರದಿಯ ಮೇಲೆ ತುಳಿದು ತಿರುಗಿಸುತ್ತಿದ್ದ ಚಕ್ರವಿತ್ತು. ಅದರಲ್ಲಿ ಸಂಭವಿಸಿದ ಒಂದು ಅಪಘಾತದ ತರುವಾಯ ಕೇರಿಯವರು ಇಂಗ್ಲೆಂಡಿನ ಬೋಲ್ಟನ್‌ನಿಂದ ಹನ್ನೆರಡು ಅಶ್ವಶಕ್ತಿಯ ಉಗಿಯಂತ್ರ ತರಿಸಿ 1820ರಲ್ಲಿ ನಿಲ್ಲಿಸಿದರು. ಸುತ್ತಲಿನ ಜನ ಅದನ್ನು ಬೆಂಕಿಯ ಯಂತ್ರ ಎಂದು ಕರೆದು, ಅದನ್ನು ನಡೆಸುವವನ ತಾಳ್ಮೆ ಕೆಡುವಷ್ಟು ಗುಂಪುಗೂಡಿ ನೋಡುತ್ತಿದ್ದರಂತೆ. ಗೋಲಕನೂ ಆ ಗುಂಪಿನಲ್ಲಿ ನಿಂತಿದ್ದಿರಬೇಕು. ಆದರೆ ನೋಡುವುದು ಬೇರೆ, ತಿದಿ ಮತ್ತು ಸುತ್ತಿಗೆಗಳಿಂದ ತಗಡನ್ನು ಬಾಗಿಸಿ ಉಗಿ ಸೋರದಂತೆ ಬೆಸೆಯುವುದು ಬೇರೆ. ಯಂತ್ರದ ಹೊರಗಣ ದಂಡಗಳು ಕಣ್ಣಿಗೆ ಕಾಣುತ್ತವೆ. ಹಂಡೆಯ ಒಳಗಿನ ಒತ್ತಡ ಕಾಣುವುದಿಲ್ಲ. ಅದನ್ನು ಅವನು ಕೈಯಿಂದಲೇ ಅರಿತಿರಬೇಕು.

ಈ ಕಥೆಯನ್ನು ಹೇಳುವವರು ಬಹುತೇಕ ಇಲ್ಲಿ ನಿಂತು, ವಸಾಹತು ಆಡಳಿತ ಒಬ್ಬ ಪ್ರತಿಭಾವಂತನನ್ನು ಐವತ್ತು ರೂಪಾಯಿಗೆ ಮುಗಿಸಿತೆಂದು ನಿಟ್ಟುಸಿರು ಬಿಡುತ್ತಾರೆ. ನಾನೂ ಒಂದು ಭಾಷಣದಲ್ಲಿ ಹಾಗೆಯೇ ಹೇಳಿದ್ದೆ. ಆ ಭಾಷಣವೇ ಈಗ ನನ್ನನ್ನು ಚುಚ್ಚುತ್ತಿದೆ.

ನಮ್ಮ ತಾಲೂಕಿನಲ್ಲಿ ಒಬ್ಬರು ಮರಗೆಲಸದ ಕಾರ್ಖಾನೆ ನಡೆಸುತ್ತಾರೆ. ಕುರ್ಚಿಯ ಬೆನ್ನಿಗೆ ಬೇಕಾದ ಪಟ್ಟಿಗಳನ್ನು ಉಗಿಯಲ್ಲಿ ಮೆದುಮಾಡಿ ಬಾಗಿಸಲು, ಹಳೆಯ ದಪ್ಪ ಕೊಳವೆಯೊಂದನ್ನು ವೆಲ್ಡ್ ಮಾಡಿಸಿ ಸೌದೆಯ ಬಾಯ್ಲರ್ ಕಟ್ಟಿಕೊಂಡಿದ್ದರು. ಚಿಂದಿ ಮರ ಅವರಲ್ಲಿ ರಾಶಿಯಾಗಿ ಬೀಳುತ್ತಿತ್ತು; ಒಂದು ಕಿಲೋ ಒಣ ಸೌದೆಗೆ ಹೆಚ್ಚುಕಡಿಮೆ ಮೂರು ಕಿಲೋ ಉಗಿ ಬಂದರೂ ಅವರ ಮಟ್ಟಿಗೆ ಪುಕ್ಕಟೆ. ಅವರಿಗೆ ‘ಹಳ್ಳಿಯ ವಿಜ್ಞಾನಿ’ ಎಂದು ಶಾಲು ಹೊದಿಸಿದ ಸಭೆಯಲ್ಲಿ ಗೋಲಕ ಚಂದ್ರನನ್ನು ನೆನೆದು ಮಾತಾಡಿದವನು ನಾನು. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಮರುದಿನ ಶೆಡ್ಡಿಗೆ ಹೋದಾಗ ಸುರಕ್ಷಾ ಕವಾಟದ ತೋಳಿಗೆ ತಂತಿಯಿಂದ ಕಟ್ಟಿದ ಒಂದು ಕಬ್ಬಿಣದ ಗಟ್ಟಿಯನ್ನು ಕಂಡೆ. ಏಕೆಂದು ಕೇಳಿದೆ. “ಇಲ್ದಿದ್ರೆ ಸುಮ್ನೆ ಉಗಿ ಬಿಡ್ತಾ ಇರ್ತದೆ ಸಾರ್, ಸೌದೆ ದಂಡ” ಎಂದರು. ನಾನು ತಲೆಯಾಡಿಸಿ ಚಹಾ ಕುಡಿದು ಬಂದೆ. ಮೂರು ತಿಂಗಳ ಬಳಿಕ ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆ ಸಿಡಿದು, ಪಕ್ಕದಲ್ಲಿದ್ದ ಹುಡುಗನ ಮೊಣಕೈವರೆಗೂ ಬೆಂದುಹೋಯಿತು. ಹಂಡೆಯೇ ಸಿಡಿಯಲಿಲ್ಲವೆಂಬುದು ಅವರ ಪುಣ್ಯ.

ಹಂಡೆ ಎಂದರೆ ನಮಗೆ ಬಚ್ಚಲುಮನೆಯದು, ಅಡಿಕೆ ಬೇಯಿಸುವುದು, ಆಲೆಮನೆಯ ಕೊಪ್ಪರಿಗೆ. ಇವೆಲ್ಲಕ್ಕೂ ಬಾಯಿ ತೆರೆದಿದೆ. ನೀರು ನೂರು ಡಿಗ್ರಿಯ ಆಸುಪಾಸಿನಲ್ಲೇ ಕುದಿದು ತೆಪ್ಪಗಿರುತ್ತದೆ. ಬಾಯಿ ಮುಚ್ಚಿದ ಹಂಡೆಯ ಸ್ವಭಾವವೇ ಬೇರೆ. ಏಳು ವಾತಾವರಣದ ಒತ್ತಡದಲ್ಲಿ ನೀರು ಸುಮಾರು ನೂರ ಎಪ್ಪತ್ತು ಡಿಗ್ರಿಗೆ ಏರಿದರೂ ನೀರಾಗಿಯೇ ಕೂತಿರುತ್ತದೆ. ತಗಡು ಹರಿದ ಕ್ಷಣ ಒತ್ತಡ ಇಳಿದು ಅದರ ಒಂದು ಭಾಗ ಒಮ್ಮೆಲೇ ಉಗಿಯಾಗುತ್ತದೆ. ಉಗಿಯಾದ ನೀರು ಮೊದಲಿಗಿಂತ ಸಾವಿರದಾರುನೂರು ಪಟ್ಟು ಜಾಗ ಕೇಳುತ್ತದೆ. ಗೋಡೆ ಉರುಳಿಸುವುದು ಆ ನೀರು. ಸೌದೆಯ ಬಾಯ್ಲರಿನಲ್ಲಿ ಇನ್ನೊಂದು ತೊಡಕಿದೆ. ಎಣ್ಣೆಯ ಉರಿಯನ್ನು ಒಂದು ತಿರುವಿನಲ್ಲಿ ನಿಲ್ಲಿಸಬಹುದು. ಕೆಂಡವನ್ನು ಹಾಗೆ ನಿಲ್ಲಿಸಲಾಗದು. ನೀರು ಇಳಿದು ಒಲೆಯ ಮೇಲ್ತಗಡು ಬರಿದಾದರೆ ಅದು ಕೆಂಪಗೆ ಕಾದು ಮೆತ್ತಗಾಗುತ್ತದೆ. ಗಾಬರಿಯಲ್ಲಿ ತಣ್ಣೀರು ಬಿಟ್ಟರಂತೂ ಅಪಾಯ ಇಮ್ಮಡಿ.

ಇದನ್ನು ನಮ್ಮ ದೇಶಕ್ಕೆ ಕಲಿಸಿದ್ದೂ ಕಲ್ಕತ್ತೆಯೇ. 1863ರಲ್ಲಿ ಆ ನಗರದಲ್ಲಿ ಬಾಯ್ಲರೊಂದು ಸಿಡಿದು ಹಲವರು ಸತ್ತರು. ಮರುವರ್ಷ ಬಂಗಾಳದ ಶಾಸನಸಭೆ ಬಾಯ್ಲರುಗಳ ತಪಾಸಣೆಗೆ ಕಾಯಿದೆ ಮಾಡಿತು. ಭಾರತದಲ್ಲಿ ಅಂಥದ್ದು ಅದೇ ಮೊದಲು. ಬೇರೆ ಪ್ರಾಂತಗಳು ತಮ್ಮ ತಮ್ಮ ಕಾಯಿದೆ ಮಾಡಿಕೊಂಡ ಮೇಲೆ 1923ರಲ್ಲಿ ಎಲ್ಲಕ್ಕೂ ಸೇರಿ ಒಂದು ಕಾಯಿದೆ ಬಂತು, 2025ರಲ್ಲಿ ಅದರ ಜಾಗಕ್ಕೆ ಹೊಸತು.

ಟೌನ್ ಹಾಲಿನ ಮಹನೀಯರು ಕೊಟ್ಟ ಹಣ ಕಡಿಮೆಯಾಯಿತೆಂಬುದು ಈಗ ನನ್ನ ದೂರಲ್ಲ. ಐನೂರು ಕೊಟ್ಟಿದ್ದರೂ ಮಾತು ಅಷ್ಟೇ. ಅವರು ಗೋಲಕನ ಯಂತ್ರವನ್ನು ಕೌತುಕವೆಂದು ನೋಡಿದರೇ ಹೊರತು ಯಂತ್ರವೆಂದು ನೋಡಿದಂತೆ ಕಾಣುವುದಿಲ್ಲ. ಎಷ್ಟು ಒತ್ತಡ ತಡೆಯುತ್ತದೆ, ಎಷ್ಟು ನೀರೆತ್ತುತ್ತದೆ, ಬೆಸುಗೆ ಎಲ್ಲಿ ದುರ್ಬಲ ಎಂದು ಕೇಳುವುದು ಸಮಾನರನ್ನು. ಬೆನ್ನು ತಟ್ಟಿ ಕಳುಹಿಸುವುದು ಮಕ್ಕಳನ್ನು. ಇನ್ನೂರು ವರ್ಷಗಳ ಮೇಲೆ ನಾವೂ ಶಾಲು ಹೊದಿಸಿ ಅದನ್ನೇ ಮಾಡುತ್ತಿದ್ದೇವೆ. ಆ ಸಭೆಯಲ್ಲಿದ್ದ ನೂರಾರು ಜನರಲ್ಲಿ ಒಬ್ಬರೂ ಕವಾಟದ ವಿಚಾರ ಎತ್ತಲಿಲ್ಲ. ವೇದಿಕೆಯ ಮೇಲಿದ್ದ ನನಗಂತೂ ಅದು ಹೊಳೆಯಲೇ ಇಲ್ಲ.

ಹಾಗೆಂದು ಮನೆಯಲ್ಲಿ ಬಾಯ್ಲರ್ ಕಟ್ಟುವುದನ್ನೇ ನಿಷೇಧಿಸಬೇಕೆಂದು ನಾನು ಹೇಳುತ್ತಿಲ್ಲ. ಇಪ್ಪತ್ತೈದು ಲೀಟರಿಗಿಂತ ಚಿಕ್ಕ ಪಾತ್ರೆ ಕಾಯಿದೆಯ ಹೊರಗಿದೆ. ಅದನ್ನು ಮೀರಿದ್ದಕ್ಕೆ ಅನುಮೋದಿತ ನಕ್ಷೆ, ಪ್ರಮಾಣಪತ್ರವುಳ್ಳ ಉಕ್ಕು, ಪರೀಕ್ಷೆ ಪಾಸಾದ ವೆಲ್ಡರ್ ಎಲ್ಲವೂ ಬೇಕು. ದೊಡ್ಡ ಕಾರ್ಖಾನೆಗೆ ಇದು ಸರಿ. ಒಂದು ಶೆಡ್ಡು, ಇಬ್ಬರು ಹುಡುಗರು ಇರುವವನು ಅಷ್ಟು ದೂರ ಹೋಗಲಾರ. ಹೋಗದವನು ಬಚ್ಚಿಟ್ಟುಕೊಂಡು ಉರಿ ಹಾಕುತ್ತಾನೆ, ಬಚ್ಚಿಟ್ಟದ್ದನ್ನು ಯಾರೂ ಪರೀಕ್ಷಿಸುವುದಿಲ್ಲ. ಇನ್‌ಸ್ಪೆಕ್ಟರರ ಕಾಟ ಸಾಕೆಂದು ಗೆಳೆಯರು ಗೊಣಗುತ್ತಾರೆ. ಕಾಟ ನಿಜ. ಆದರೆ ಬೆಂದ ಕೈ ಕೂಡ ನಿಜ.

ಪರೀಕ್ಷೆ ದುಬಾರಿಯದೇನೂ ಅಲ್ಲ. ಹಂಡೆಯ ತುಂಬ ತಣ್ಣೀರು ತುಂಬಿ, ಒಳಗೆ ಗಾಳಿ ಉಳಿಯದಂತೆ ಹೊರಡಿಸಿ, ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ ಹಿಡಿದು ನೋಡುವುದು. ನೀರು ಅಷ್ಟಾಗಿ ಅದುಮಿಕೊಳ್ಳುವುದಿಲ್ಲವಾದ್ದರಿಂದ ಬೆಸುಗೆ ಬಿಟ್ಟರೂ ಸಾಮಾನ್ಯವಾಗಿ ಒಂದು ಚಿಲುಮೆ ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ತಾಲೂಕಿಗೊಂದು ಐಟಿಐನಲ್ಲಿ ಇಂಥ ಪಂಪು, ನಂಬಬಹುದಾದ ಒಂದು ಮಾಪಕ, ವಾರಕ್ಕೊಂದು ದಿನ, ಬಂದವನ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಮಾತು – ಇಷ್ಟಿದ್ದರೆ ಎಷ್ಟೋ ಹಂಡೆಗಳು ಬೆಳಕಿಗೆ ಬರುತ್ತವೆ. ಹೊಸ ಕಾಯಿದೆ ಕೆಲವು ತಪ್ಪುಗಳನ್ನು ಕ್ರಿಮಿನಲ್ ಪಟ್ಟಿಯಿಂದ ತೆಗೆದಿರುವಾಗ ಇದು ಅತಿಯಾದ ಬೇಡಿಕೆಯಲ್ಲ.

ನಮ್ಮ ಮರಗೆಲಸದವರು ಈಗ ಮುಚ್ಚಿದ ಹಂಡೆಯನ್ನು ಬಿಟ್ಟಿದ್ದಾರೆ. ಪಟ್ಟಿ ಬಾಗಿಸಲು ಒತ್ತಡವೇ ಬೇಕಿಲ್ಲ. ಸಾಮಾನ್ಯ ಕುದಿಯ ಉಗಿಯನ್ನು ಉದ್ದನೆಯ ಮರದ ಪೆಟ್ಟಿಗೆಗೆ ಹಾಯಿಸಿದರೂ ಸಾಕು, ಪೆಟ್ಟಿಗೆಯ ತುದಿ ಸ್ವಲ್ಪ ತೆರೆದಿದ್ದರಾಯಿತು. ಮೊದಲೇ ಯಾರಾದರೂ ಅವರೊಡನೆ ಕೂತು ಕೇಳಿದ್ದರೆ ಅವರೇ ಇದನ್ನು ಹೇಳುತ್ತಿದ್ದರು. ಹುಡುಗನ ಕೈಯ ಚರ್ಮ ಇನ್ನೂ ಬಿಗಿದಿದೆ, ಬೆರಳು ಪೂರ್ತಿ ಮಡಚುವುದಿಲ್ಲ. ಉಳಿ ಹಿಡಿಯುವ ಕೆಲಸ ಬಿಟ್ಟು ಅಂಗಡಿಯ ಲೆಕ್ಕ ಬರೆಯುತ್ತಿದ್ದಾನೆ.